ನೈಲ್ ನದಿಯ ಮೂಲ ಹುಡುಕಿದ್ದು ಹಿಂದೂಸ್ತಾನಿ ಭಾಷೇಲಿ

ಹೋದ ತಿಂಗಳು ನಮ್ಮೂರ ಲೈಬ್ರರಿ ಹಾಲಲ್ಲಿ ನದಿ, ಕಡಲು, ಅದರ ಬೆನ್ನು ಹತ್ತಿ ಹೋದವರ ಪುಸ್ತಕಗಳ ಬಗ್ಗೆ ಒಂದು ಗಂಟೆ ಮಾತಾಡಿದ್ದೆ. ವಿಡಿಯೋ ಹಾಕಿ ಅಂತ ಸುಮಾರು ಜನ ಕೇಳಿದ್ರು, ಆದ್ರೆ ಮೈಕ್ ಪಕ್ಕಕ್ಕೇ ಫ್ಯಾನ್ ಇಟ್ಟಿದ್ರಿಂದ ಅದರಲ್ಲಿ ನನ್ನ ದನಿಗಿಂತ ಗಾಳಿ ಶಬ್ದವೇ ಜಾಸ್ತಿ. ಅದಕ್ಕೇ ಕೂತು ಬರೆದಿದೀನಿ. ಆಡಿದ ಮಾತು ಆಡಿದ ಹಾಗೇ ಇದೆ, ಅಲ್ಲಿ ಬಾಯಿಗೆ ಬರದೇ ಹೋದ ಒಂದೆರಡು ತಾರೀಖು ಮಾತ್ರ ಇಲ್ಲಿ ಸೇರಿಸಿದೀನಿ.

ಎಲ್ರಿಗೂ ನಮಸ್ಕಾರ. ಮಳೆ ಇದ್ರೂ ಇಷ್ಟು ಜನ ಬಂದಿದೀರಿ, ಸಂತೋಷ.

ನಂಗೆ ಈ ಹುಚ್ಚು ಹತ್ತಿಸಿದ್ದು ತೇಜಸ್ವಿ. ‘ಅಲೆಮಾರಿಯ ಅಂಡಮಾನ್ ಮತ್ತು ಮಹಾನದಿ ನೈಲ್’ ಅಂತ ಅವರದ್ದೊಂದು ಪುಸ್ತಕ ಇದೆಯಲ್ಲ, ಒಂದೇ ರಟ್ಟಿನೊಳಗೆ ಆ ಕಡೆ ಅಂಡಮಾನಿನ ಕಡಲು, ಈ ಕಡೆ ನೈಲ್ ನದಿ. ಕಾಲೇಜಿಗೆ ಹೋಗ್ತಿದ್ದಾಗ ಬಸ್ಸಲ್ಲಿ ಅದನ್ನ ಓದ್ತಾ ಓದ್ತಾ ಕುಮಟಾದಲ್ಲಿ ಇಳೀಬೇಕಾದವನು ಹೊನ್ನಾವರಕ್ಕೆ ಹೋಗಿ ಇಳಿದಿದ್ದೆ. ಶರಾವತಿ ಸೇತುವೆ ಬಂದಾಗ್ಲೇ ತಲೆ ಎತ್ತಿದ್ದು. ಕಂಡಕ್ಟರ್ ಬೈದ, ವಾಪಸ್ ಟಿಕೆಟ್‌ಗೆ ದುಡ್ಡೂ ಇರ್ಲಿಲ್ಲ, ಆ ಕಥೆ ಬಿಡಿ.

ಆಮೇಲೆ ಇಂಥದ್ದೇ ಪುಸ್ತಕ ಎಲ್ಲಿ ಸಿಕ್ರೂ ಓದೋ ಅಭ್ಯಾಸ ಆಯ್ತು. ಓದುವಾಗ ಕೈಯಲ್ಲೊಂದು ಪೆನ್ಸಿಲ್ ಇಟ್ಕೊಳ್ತೀನಿ. ಚೆನ್ನಾಗಿರೋ ವಾಕ್ಯಕ್ಕೆಲ್ಲ ಗೆರೆ ಹಾಕಲ್ಲ, ಆ ಮಹಾನ್ ಅನ್ವೇಷಕ ಯಾರ ಹತ್ರ ಆದ್ರೂ ದಾರಿ ಕೇಳಿದ ಅಂದ್ರೆ ಅಲ್ಲಿ ಮಾತ್ರ ಒಂದು ಗೆರೆ. ಬರೀ ಇಷ್ಟೇ ಕೆಲಸ. ಮಾಡಿ ನೋಡಿ ನೀವೂ. ಕೆಲವು ಪುಸ್ತಕಗಳಲ್ಲಿ ಪುಟ ಪುಟಕ್ಕೂ ಗೆರೆ ಬೀಳ್ತದೆ, ಆಮೇಲೆ ರಟ್ಟಿನ ಮೇಲಿರೋ ಹೆಸರು ನೋಡಿದ್ರೆ ಒಂಥರಾ ನಗು ಬರ್ತದೆ.

ನೈಲ್ ವಿಷಯವೇ ತಗೊಳ್ಳಿ. 6,650 ಕಿಲೋಮೀಟರ್ ಉದ್ದದ ನದಿ, ಈಜಿಪ್ಟಿನವರು ಐದು ಸಾವಿರ ವರ್ಷ ಅದರ ನೀರು ಕುಡಿದ್ರೂ ಅದು ಹುಟ್ಟೋದೆಲ್ಲಿ ಅಂತ ಅವರಿಗೆ ಗೊತ್ತಿರ್ಲಿಲ್ಲ. 1857ರಲ್ಲಿ ರಿಚರ್ಡ್ ಬರ್ಟನ್, ಜಾನ್ ಸ್ಪೀಕ್ ಅಂತ ಇಬ್ಬರು ಇಂಗ್ಲಿಷರು ಜಂಜಿಬಾರ್ ಎದುರಿನ ಕರಾವಳಿಯಿಂದ ಆಫ್ರಿಕಾದ ಒಳಗೆ ಹೊರಟ್ರು. ಇಬ್ಬರೂ ನಮ್ಮ ದೇಶದಲ್ಲಿ ಕಂಪನಿ ಸೈನ್ಯದ ಉಪ್ಪು ತಿಂದವರೇ, ಬರ್ಟನ್ ಬಾಂಬೆ ಸೈನ್ಯದಲ್ಲಿ, ಸ್ಪೀಕ್ ಬಂಗಾಳದ್ದರಲ್ಲಿ. ಬರ್ಟನ್ ಅಂದ್ರೆ ಭಾಷೆ ಕಲಿಯೋದ್ರಲ್ಲಿ ರಾಕ್ಷಸ, ಇಪ್ಪತ್ತಕ್ಕಿಂತ ಹೆಚ್ಚು ಭಾಷೆ ಬರ್ತಿತ್ತು ಅವನಿಗೆ, ಊಟಿಗೆ ಹೋಗಿ ಬಂದು ಗೋವಾ-ನೀಲಗಿರಿ ಬಗ್ಗೆನೂ ಒಂದು ಪುಸ್ತಕ ಬರೆದಿದಾನೆ, 1851ರಲ್ಲಿ. ಸ್ಪೀಕ್‌ಗೆ ಭಾಷೆಗಿಂತ ಬೇಟೆ ಇಷ್ಟ. ಇಬ್ಬರಿಗೂ ಒಬ್ಬರನ್ನ ಕಂಡ್ರೆ ಒಬ್ಬರಿಗೆ ಆಗ್ತಿರ್ಲಿಲ್ಲ, ಆದ್ರೂ ಎರಡು ವರ್ಷ ಒಟ್ಟಿಗೆ ಇದ್ರು.

ಆ ಪ್ರಯಾಣದ ಕಷ್ಟ ಓದ್ತಿದ್ರೆ ಅಳಬೇಕೋ ನಗಬೇಕೋ ತಿಳಿಯಲ್ಲ. 1858ರ ಫೆಬ್ರವರಿಯಲ್ಲಿ ಟ್ಯಾಂಗನಿಕಾ ಸರೋವರದ ಹತ್ರ ಬರೋವಾಗ ಬರ್ಟನ್‌ಗೆ ಜ್ವರದಿಂದ ಕಾಲು ಬಿದ್ದು ಹೋಗಿತ್ತು, ಜನ ಹೊತ್ಕೊಂಡು ಬಂದಿದ್ರು. ಸ್ಪೀಕ್‌ಗೆ ಕಣ್ಣುಬೇನೆ, ಎದುರಿಗೆ ಅಷ್ಟು ದೊಡ್ಡ ಸರೋವರ ಇದ್ರೂ ಅವನಿಗೆ ಕಂಡಿದ್ದು ಬರೀ ಮಂಜು ಮಂಜು. ಅದು ಸಾಲ್ದು ಅಂತ ಒಂದು ರಾತ್ರಿ ಡೇರೆಯೊಳಗೆ ದುಂಬಿಗಳು ನುಗ್ಗಿ ಒಂದು ಇವನ ಕಿವಿಯೊಳಗೇ ಹೋಯ್ತು. ಬೆಣ್ಣೆ ಕಾಯಿಸಿ ಹೊಯ್ದ, ಬರ್ಲಿಲ್ಲ. ಕೊನೆಗೆ ಪೆನ್‌ಚಾಕು ಹಾಕಿ ಕೆದಕಿದ, ದುಂಬಿ ಸತ್ತಿತು, ಕಿವಿಯೂ ಹೋಯ್ತು. ಆಮೇಲೆ ಮೂಗು ಸೀದಿದ್ರೆ ಕಿವಿಯಿಂದ ಸಿಳ್ಳೆ ಬರ್ತಿತ್ತಂತೆ, ಸುತ್ತ ಇದ್ದವರೆಲ್ಲ ನಗ್ತಿದ್ರು ಅಂತ ಅವನೇ ಬರ್ಕೊಂಡಿದಾನೆ. ಆರೇಳು ತಿಂಗಳ ಮೇಲೂ ದುಂಬಿಯ ಕಾಲು, ರೆಕ್ಕೆ ಗುಗ್ಗೆ ಜತೆ ಬರ್ತಿತ್ತು ಅಂತೆ.

ಸರಿ, ಈಗ ನನ್ನ ಪೆನ್ಸಿಲ್ ಗೆರೆಗೆ ಬರ್ತೀನಿ.

ಇವರು ಟ್ಯಾಂಗನಿಕಾಕ್ಕೆ ಹೋಗೋ ಮೊದ್ಲು ಕಾಜೆ ಅನ್ನೋ ಊರಲ್ಲಿ, ಈಗಿನ ಟಾಂಜಾನಿಯಾದ ಟಬೋರಾ ಅದು, ಅರಬ್ ವ್ಯಾಪಾರಿಗಳ ಜತೆ ಕೂತು ಕಾಫಿ ಕುಡೀತಾ ಸುದ್ದಿ ಕೇಳಿದ್ರು. ಸ್ನಾಯ್ ಬಿನ್ ಅಮೀರ್ ಅಂತ ಒಬ್ಬ ಶೇಖ್ ಹೇಳಿದ, ನೀವಂದ್ಕೊಂಡ ಹಾಗೆ ಇಲ್ಲಿರೋದು ಒಂದೇ ದೊಡ್ಡ ಸರೋವರ ಅಲ್ಲ, ಮೂರಿದೆ ಅಂತ. ಉತ್ತರದ ಕಡೆ ಇರೋದು ಎಲ್ಲಕ್ಕಿಂತ ದೊಡ್ಡದು ಅಂತಲೂ ಸುದ್ದಿ ಸಿಕ್ತು. ವಾಪಸ್ ಬರೋವಾಗ ಬರ್ಟನ್ ಕಾಯಿಲೆ ಅಂತ ಕಾಜೆಯಲ್ಲೇ ಮಲಗಿದ, ಸ್ಪೀಕ್ ಸ್ವಲ್ಪ ಜನರನ್ನ ಕರ್ಕೊಂಡು ಉತ್ತರಕ್ಕೆ ಹೋಗಿ 1858ರ ಆಗಸ್ಟ್ 3ಕ್ಕೆ ಆ ದೊಡ್ಡ ನೀರು ನೋಡಿದ, ತಮ್ಮ ರಾಣಿ ವಿಕ್ಟೋರಿಯಾ ಹೆಸರು ಇಟ್ಟ, ಇದೇ ನೈಲ್ ಮೂಲ ಅಂದುಬಿಟ್ಟ. ಅಳತೆ ಇಲ್ಲ, ಸುತ್ತಿ ನೋಡಿಲ್ಲ, ನೀರು ಹೊರಗೆ ಹೋಗೋ ಜಾಗ ಕಂಡಿಲ್ಲ. ಆದ್ರೂ ಅಂದ. ಅಲ್ಲಿಯ ಜನ ಅದಕ್ಕೆ ನ್ಯಾಂಜಾ ಅಂತಿದ್ರು, ಹಾಗಂದ್ರೆ ಸರೋವರ, ಅಷ್ಟೇ. ನಮ್ಮಲ್ಲಿ ಸಮುದ್ರಕ್ಕೆ ಹೋಗೋ ಜನ ಅದಕ್ಕೆ ಅರಬ್ಬೀ ಸಮುದ್ರ ಅಂತಾರಾ? ಕಡಲು ಅಂತಾರೆ.

ಸ್ಪೀಕ್‌ಗೆ ಅರಬ್ಬೀ ಬರಲ್ಲ, ಸ್ವಾಹಿಲಿ ಬರಲ್ಲ. ಹಾಗಾದ್ರೆ ಅಲ್ಲಿ ಯಾರ ಹತ್ರ ಹೆಂಗೆ ಮಾತಾಡಿದ? ಹಿಂದೂಸ್ತಾನಿಯಲ್ಲಿ! ಅವನ ಜತೆ ಇದ್ದವನ ಹೆಸರು ಸೀದಿ ಮುಬಾರಕ್ ಬಾಂಬೆ. ಬಾಂಬೆ ಅಂದ್ರೆ ಮುಂಬಯಿಯೇ, ಊರಿನ ಹೆಸರು. ಈ ಮನುಷ್ಯ ಆಫ್ರಿಕಾದ ‘ಯಾವೋ’ ಅನ್ನೋ ಹೆಸರಿನ ಬುಡಕಟ್ಟಿನವನು, ಹನ್ನೆರಡು ವರ್ಷದ ಆಸುಪಾಸಲ್ಲಿ ಅವನ ಹಳ್ಳಿ ಮೇಲೆ ದಾಳಿ ಆಗಿ ಹಿಡಿದು ಕಿಲ್ವಾ ಅನ್ನೋ ಬಂದರಲ್ಲಿ ಬಟ್ಟೆಗೆ ಮಾರಿದ್ರು, ಅಲ್ಲಿಂದ ಜಂಜಿಬಾರ್, ಅಲ್ಲಿಂದ ಹಡಗಲ್ಲಿ ಗುಜರಾತಿನ ಕಡೆಗೆ. ವರ್ಷಗಟ್ಟಲೆ ಜೀತ ಮಾಡಿದ, ಯಜಮಾನ ಸತ್ತ ಮೇಲೆ ಬಿಡುಗಡೆ ಸಿಕ್ತು, ಮತ್ತೆ ಆಫ್ರಿಕಾಕ್ಕೆ ಹೋಗಿ ಸುಲ್ತಾನನ ಸೈನ್ಯದಲ್ಲಿ ಸಿಪಾಯಿ ಆಗಿದ್ದಾಗ ಇವರಿಬ್ಬರ ಕಣ್ಣಿಗೆ ಬಿದ್ದ. ಯಾಕೆ ಬಿದ್ದ ಅಂದ್ರೆ ಅವನಿಗೆ ಹಿಂದೂಸ್ತಾನಿ ಬರ್ತಿತ್ತು, ಅದಕ್ಕೆ.

ಈಗ ಯೋಚ್ನೆ ಮಾಡಿ. ಸ್ಪೀಕ್ ತನ್ನ ಹರಕು ಮುರುಕು ಹಿಂದೂಸ್ತಾನಿಯಲ್ಲಿ ಬಾಂಬೆಯನ್ನ ಕೇಳ್ತಾನೆ, ಬಾಂಬೆ ಅದನ್ನ ಸ್ವಾಹಿಲಿಗೆ ತಿರುಗಿಸ್ತಾನೆ, ಅಲ್ಲಿಯವ ಇನ್ನೊಬ್ಬ ಅದನ್ನ ಆ ಊರಿನ ಮಾತಿಗೆ ತರ್ತಾನೆ, ಉತ್ತರ ಬರೋದು ಇದೇ ದಾರೀಲಿ ಉಲ್ಟಾ. ಸರೋವರ ಎಷ್ಟು ಉದ್ದ ಅಂತ ಕೇಳಿದ್ದಕ್ಕೆ ಒಬ್ಬ ಉತ್ತರಕ್ಕೆ ಕೈ ಮಾಡಿ ಬೆರಳು ಚಿಟಕಿಸಿ ತೋರಿಸಿದ್ನಂತೆ, ಮುಗಿಯೋದೇ ಇಲ್ಲ ಅನ್ನೋ ಅರ್ಥದಲ್ಲಿ. ಬರ್ಟನ್ ತನ್ನ ಪುಸ್ತಕದಲ್ಲಿ ಗೆಳೆಯನನ್ನ ಹಿಡ್ಕೊಂಡಿದ್ದು ಇದೇ ಜಾಗದಲ್ಲಿ. ನಿನ್ನ ಹಿಂದೂಸ್ತಾನಿ ಕೆಟ್ಟದು, ಬಾಂಬೆಯದ್ದು ಇನ್ನೂ ಕೆಟ್ಟದು, ಇಬ್ಬರ ಮಧ್ಯೆ ಕಳೆದುಹೋದ ಮಾತಿನ ಮೇಲೆ ನೀನು ನೈಲ್ ನದಿಯನ್ನೇ ಕಟ್ಟಿದೀಯ ಅನ್ನೋ ಅರ್ಥದಲ್ಲಿ. ಹತ್ತೊಂಬತ್ತನೇ ಶತಮಾನದ ಅತಿ ದೊಡ್ಡ ಭೂಗೋಳದ ಜಗಳ ಅಂತಾರಲ್ಲ, ಅದರಲ್ಲಿ ಅರ್ಧ ಜಗಳ ಹಿಂದೂಸ್ತಾನಿ ವ್ಯಾಕರಣದ್ದು. ಇದನ್ನ ಯಾವ ಸ್ಕೂಲ್ ಪುಸ್ತಕದಲ್ಲೂ ನಾನು ಓದಿಲ್ಲ.

ತಮಾಷೆ ಏನಪ್ಪಾ ಅಂದ್ರೆ ಜಗಳದಲ್ಲಿ ಸರಿ ಇದ್ದವನು ಭಾಷೆ ಬರದ ಸ್ಪೀಕೇ. ಬಾಂಬೆ ತಂದು ಕೊಟ್ಟ ಮಾತು ಸುಳ್ಳಾಗಿರ್ಲಿಲ್ಲ.

ಇಲ್ಲೊಂದು ಅಡ್ಡಕಥೆ ಹೇಳ್ಬೇಕು, ಯಾಕಂದ್ರೆ ಇದು ಈಗ್ಲೂ ವಾಟ್ಸಾಪಲ್ಲಿ ಓಡಾಡ್ತಾ ಇದೆ. ಸ್ಪೀಕ್ ಎರಡನೇ ಸಲ ಹೊರಟಾಗ ಜಂಜಿಬಾರಿನ ಕಾನ್ಸಲ್ ಆಗಿದ್ದ ರಿಗ್ಬಿ ಅವನಿಗೊಂದು ಲೇಖನ, ಜತೆಗೊಂದು ಮ್ಯಾಪ್ ಕೊಟ್ಟ. ವಿಲ್ಫರ್ಡ್ ಅಂತ ಒಬ್ಬ ಕಂಪನಿ ಆಫೀಸರ್ ಬರೆದದ್ದು, ಹಿಂದೂ ಪುರಾಣಗಳಲ್ಲಿ ನೈಲ್ ಮೂಲ, ಚಂದ್ರಪರ್ವತ, ಅಮರ ಸರೋವರ ಎಲ್ಲ ಇದೆ ಅಂತ. ಸ್ಪೀಕ್‌ಗೆ ಖುಷಿಯೋ ಖುಷಿ, 1863ರ ತನ್ನ ಪುಸ್ತಕದಲ್ಲಿ ನಮ್ಮ ಪೂರ್ವಿಕರನ್ನ ಹೊಗಳಿದ್ದೇ ಹೊಗಳಿದ್ದು. ಪಾಪ ಅವನಿಗೆ ಗೊತ್ತಿರ್ಲಿಲ್ಲ. ವಿಲ್ಫರ್ಡ್ ತನಗೆ ಬೇಕಾದ ಹೆಸರುಗಳನ್ನ ಹುಡುಕ್ಕೊಡು ಅಂತ ಒಬ್ಬ ಪಂಡಿತನಿಗೆ ದುಡ್ಡು ಕೊಟ್ಟು ಕೂರಿಸಿದ್ದ, ಆ ಪಂಡಿತ ಹುಡುಕಿ ಹುಡುಕಿ ಸಾಕಾಗಿ ಓಲೆಯಲ್ಲಿದ್ದ ಹೆಸರು ಅಳಿಸಿ ಸಾಹೇಬನಿಗೆ ಬೇಕಾದ್ದು ಬರೆದ, ಸಾಲದ್ದಕ್ಕೆ ಹೊಸ ಶ್ಲೋಕಗಳನ್ನೇ ಕಟ್ಟಿ ಸೇರಿಸಿದ. ಇದೆಲ್ಲ ಬಯಲಾಗಿ ವಿಲ್ಫರ್ಡ್ 1805ರಲ್ಲಿ ತಾನೇ ಅಚ್ಚು ಹಾಕಿಸಿ ಒಪ್ಕೊಂಡ. ಅಂದ್ರೆ ಸ್ಪೀಕ್ ಅದನ್ನ ಓದೋಕೆ ಐವತ್ತು ವರ್ಷ ಮೊದ್ಲೇ! ಆದ್ರೂ ಲೇಖನ ಬದುಕಿತ್ತು, ತಪ್ಪೊಪ್ಪಿಗೆ ಸತ್ತಿತ್ತು. ನಂಗೆ ಆ ಪಂಡಿತನ ಮೇಲೆ ಕೋಪ ಬರಲ್ಲ ನಿಜ ಹೇಳ್ತೀನಿ. ಕೇಳೋವಾಗ್ಲೇ ಉತ್ತರ ಇಟ್ಕೊಂಡು ಕೇಳಿದ್ರೆ ಹಿಂಗೇ ಆಗೋದು.

1862ರ ಜುಲೈ 28ಕ್ಕೆ ಸ್ಪೀಕ್ ಸರೋವರದಿಂದ ನೀರು ಹೊರಗೆ ಧುಮುಕೋ ಜಾಗ ನೋಡಿದ, ಈಗಿನ ಉಗಾಂಡಾದ ಜಿಂಜಾ ಹತ್ರ. ಬಾಂಬೆ ಆ ಪ್ರಯಾಣದಲ್ಲೂ ಇದ್ದ. (1948ರಲ್ಲಿ ಗಾಂಧೀಜಿ ಚಿತಾಭಸ್ಮದ ಒಂದು ಪಾಲು ಅಲ್ಲೇ ನೈಲ್‌ಗೆ ಬಿಟ್ಟಿದ್ದು, ಆ ಜಲಪಾತ ಆಮೇಲೆ ಡ್ಯಾಮ್ ಕಟ್ಟಿದಾಗ 1954ರಲ್ಲಿ ಮುಳುಗಿ ಹೋಯ್ತು.) ಅದೇ ಪ್ರಯಾಣದಲ್ಲೇ ಒಂದು ದಿನ ಜಗಳ ಆಗಿ ಸ್ಪೀಕ್ ಬಾಂಬೆಗೆ ಕೈಯೆತ್ತಿ ಹೊಡೆದ. ಅದನ್ನೂ ಅವನೇ ಬರ್ಕೊಂಡಿದಾನೆ. ಇಂಗ್ಲೆಂಡಿಗೆ ಹೋದ ಮೇಲೆ ಬರ್ಟನ್ ಜತೆ ವಾದ ಮಾಡೋಕೆ 1864ರ ಸೆಪ್ಟೆಂಬರ್ 16 ಅಂತ ದಿನ ಗೊತ್ತಾಗಿತ್ತು, ಬಾತ್ ಅನ್ನೋ ಊರಲ್ಲಿ. ಹಿಂದಿನ ದಿನ ಮಧ್ಯಾಹ್ನ ಬೇಟೆಗೆ ಹೋದ ಸ್ಪೀಕ್ ಒಂದು ಗೋಡೆ ದಾಟೋವಾಗ ತನ್ನದೇ ಕೋವಿ ಹಾರಿ ಸತ್ತ. ಆಕಸ್ಮಿಕವೋ, ಬೇಕಂತ್ಲೇ ಮಾಡ್ಕೊಂಡನೋ ಅಂತ ಇವತ್ತಿಗೂ ಪುಸ್ತಕ ಬರೀತಾ ಇದಾರೆ.

ಬಾಂಬೆ ಬಗ್ಗೆ ಬರಿಯೋರು ಕಮ್ಮಿ. ಅವನು ಆಮೇಲೆ ಸ್ಟಾನ್ಲಿ ಅನ್ನೋ ಪತ್ರಕರ್ತನ ಜತೆ, ಆಫ್ರಿಕಾದೊಳಗೆ ಸುದ್ದಿಯೇ ಇಲ್ಲದ ಹಾಗಾಗಿದ್ದ ಲಿವಿಂಗ್‌ಸ್ಟನ್ ಅನ್ನೋ ಮಿಶನರಿಯನ್ನ ಹುಡುಕೋಕೆ ಹೋದ, ಅದಾದ ಮೇಲೆ ಕ್ಯಾಮೆರಾನ್ ಅನ್ನೋನ ಜತೆ 1873ರಿಂದ 75ರ ತನಕ ಆಫ್ರಿಕಾದ ಪೂರ್ವ ತೀರದಿಂದ ಪಶ್ಚಿಮ ತೀರದವರೆಗೆ ನಡ್ಕೊಂಡೇ ದಾಟಿದ. ಬರ್ಟನ್ ಹೋದ ದಾರಿ, ಸ್ಪೀಕ್ ಹೋದ ದಾರಿ, ಸ್ಟಾನ್ಲಿ ಹೋದ ದಾರಿ, ಎಲ್ಲ ದಾರಿ ನಡೆದ ಕಾಲು ಒಂದೇ ಜತೆ, ಅದು ಬಾಂಬೆಯದ್ದು. ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ ಅವನಿಗೆ ಒಂದು ಬೆಳ್ಳಿ ಪದಕ, ಸ್ವಲ್ಪ ಪೆನ್ಶನ್ ಕೊಟ್ಟಿತು ಅನ್ನೋದನ್ನೂ ಹೇಳ್ಬೇಕು, ಪೂರ್ತಿ ಮರೆತಿದ್ರು ಅಂದ್ರೆ ಸುಳ್ಳಾಗ್ತದೆ. 1885ರಲ್ಲಿ ತೀರ್ಕೊಂಡ. ಅವನ ಹೆಸರಿನ ಮುಂದಿನ ‘ಸೀದಿ’ ಇದೆಯಲ್ಲ, ನಮ್ಮ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆ ಕಾಡಿನ ಸಿದ್ದಿಗಳ ಹೆಸರೂ ಅದೇ ಶಬ್ದ. ಅವರ ಹಿರಿಯರೂ ಇಂಥದ್ದೇ ಹಡಗಲ್ಲಿ ಈ ಕಡೆಗೆ ಬಂದವರು, ಬಾಂಬೆ ಹಾಗೆ ವಾಪಸ್ ಹೋಗೋ ಹಡಗು ಹೆಚ್ಚಿನವರಿಗೆ ಸಿಗ್ಲಿಲ್ಲ ಅಷ್ಟೇ.

ಲಿವಿಂಗ್‌ಸ್ಟನ್ ಕಥೆ ಬೇಗ ಹೇಳಿ ಮುಗಿಸ್ತೀನಿ, ಟೈಮ್ ಆಗ್ತಾ ಬಂತು. ಇವನು 1864ರಲ್ಲಿ ‘ಲೇಡಿ ನ್ಯಾಸಾ’ ಅನ್ನೋ ತನ್ನ ಪುಟ್ಟ ಸ್ಟೀಮರನ್ನ ಮಾರೋಕೆ ಅಂತ ಜಂಜಿಬಾರಿಂದ ಮುಂಬಯಿಗೆ ತಾನೇ ನಡೆಸ್ಕೊಂಡು ಬಂದ. ನದಿ, ಸರೋವರದಲ್ಲಿ ಓಡಿಸೋಕೆ ಕಟ್ಟಿದ ಬೋಟು ಅದು! 45 ದಿನ ಕಡಲಲ್ಲಿದ್ದು ಜೂನ್ 13ಕ್ಕೆ, ಮಳೆಗಾಲ ಶುರು ಆಗೋ ಹೊತ್ತಿಗೆ ಸರಿಯಾಗಿ ಮುಂಬಯಿ ಸೇರಿದ. ಆ ಬೋಟಲ್ಲಿ ಚುಮಾ ಅನ್ನೋ ಹುಡುಗ ಇದ್ದ, ಗುಲಾಮರ ಸಾಲಿಂದ ಬಿಡಿಸಿದ್ದ ಹುಡುಗ, ಅವನನ್ನ ಮುಂಬಯಿಯ ಮಿಶನ್ ಸ್ಕೂಲಲ್ಲಿ ಬಿಟ್ಟು ಹೋದ. ಎರಡು ವರ್ಷದೊಳಗೆ ಮತ್ತೆ ಕರ್ಕೊಂಡು ನೈಲ್ ಹುಡುಕೋಕೆ ಹೊರಟ. ಲಿವಿಂಗ್‌ಸ್ಟನ್ ಹುಡುಕಿದ್ದು ನೈಲ್ ಅಲ್ಲ, ಕಾಂಗೋ ನದಿಯ ನೀರನ್ನ ನೈಲ್ ಅಂದ್ಕೊಂಡೇ ಸತ್ತ, ಅದು ಬೇರೆ ವಿಷಯ. ಕಾಗದ ಮುಗಿದಾಗ ಹಳೇ ನ್ಯೂಸ್‌ಪೇಪರ್ ಮೇಲೆ, ಮಸಿ ಮುಗಿದಾಗ ಗಿಡದ ಬೀಜದ ರಸ ತೆಗೆದು ಡೈರಿ ಬರೆದ ಮನುಷ್ಯ. 1873ರ ಮೇ 1ಕ್ಕೆ ಮಂಚದ ಪಕ್ಕ ಮಂಡಿಯೂರಿದ ಹಾಗೇ ಹೋಗಿಬಿಟ್ಟಿದ್ದ.

ಆಮೇಲಿನದ್ದೇ ದೊಡ್ಡ ಕೆಲಸ. ಚುಮಾ, ಸುಸಿ ಅಂತ ಇಬ್ಬರ ಮುಂದಾಳತ್ವದಲ್ಲಿ ಜತೆಯವರು ಹೃದಯ ತೆಗೆದು ಅಲ್ಲೇ ಮರದ ಬುಡದಲ್ಲಿ ಹೂತು, ದೇಹಕ್ಕೆ ಉಪ್ಪು ಹಾಕಿ ಬಿಸಿಲಲ್ಲಿ ಒಣಗಿಸಿ, ತೊಗಟೆಯಲ್ಲಿ ಸುತ್ತಿ, ಸಾವಿರದ ಆರುನೂರು ಕಿಲೋಮೀಟರಿನಷ್ಟು ದೂರ ಹೊತ್ತು ಸಮುದ್ರದ ದಡಕ್ಕೆ ತಂದ್ರು. ಹೆಣದ ಜತೆ ಆ ಡೈರಿಗಳನ್ನೂ ತಂದ್ರು. ಮರದ ಮೇಲೆ ಹೆಸರು ಕೆತ್ತಿದವನು ಜೇಕಬ್ ವೇನ್‌ರೈಟ್, ಅವನು ಅಕ್ಷರ ಕಲಿತಿದ್ದು ನಮ್ಮ ನಾಸಿಕದ ಮಿಶನ್ ಸ್ಕೂಲಲ್ಲಿ. 1874ರಲ್ಲಿ ಬಂದ ಲಿವಿಂಗ್‌ಸ್ಟನ್‌ನ ಕೊನೇ ಡೈರಿಯ ಪುಸ್ತಕ ಚುಮಾ, ಸುಸಿ ಇಂಗ್ಲೆಂಡಿಗೆ ಹೋಗಿ ಸಂಪಾದಕನ ಪಕ್ಕ ಕೂತು ಹೇಳದೇ ಇದ್ದಿದ್ರೆ ಈಗಿರೋ ಹಾಗೆ ಆಗ್ತಿರ್ಲಿಲ್ಲ. ಸತ್ತವನ ಪುಸ್ತಕದ ಕೊನೇ ಅಧ್ಯಾಯ ಯಾರು ಬರೀಬೇಕು ಹೇಳಿ, ಹೊತ್ತವರೇ ತಾನೇ.

ಕಡಲಿಗೆ ಬರೋಣ, ನದಿ ಸಾಕು.

ಅಮಿತಾವ್ ಘೋಷ್ ಅವರ ‘ಇನ್ ಆ್ಯನ್ ಆಂಟಿಕ್ ಲ್ಯಾಂಡ್’ ಓದಿದವರು ಇಲ್ಲಿ ಎಷ್ಟು ಜನ ಇದೀರಿ? ನಾಲ್ಕು ಕೈ. ಉಳಿದವರು ಓದಿ, ಮಂಗಳೂರಿನವರಂತೂ ಓದ್ಲೇಬೇಕು. 1992ರ ಪುಸ್ತಕ. ಕೈರೋದ ಹಳೇ ಯಹೂದಿ ಮಂದಿರದ ಉಗ್ರಾಣದಲ್ಲಿ ನೂರಾರು ವರ್ಷದ ಹಳೇ ಕಾಗದ ರಾಶಿ ಸಿಕ್ಕಿತ್ತು, ಅದರಲ್ಲಿ ಹನ್ನೆರಡನೇ ಶತಮಾನದ ವ್ಯಾಪಾರಿಗಳ ಪತ್ರಗಳು. ಅಬ್ರಹಾಂ ಬೆನ್ ಯಿಜು ಅನ್ನೋನು 1132ರ ಸುಮಾರಿಂದ ಹದಿನೇಳು ವರ್ಷ ಮಂಗಳೂರಲ್ಲಿದ್ದು ಇಲ್ಲಿಂದ ಮೆಣಸು, ಅಡಿಕೆ, ಕಬ್ಬಿಣ ಕಳಿಸ್ತಿದ್ದ, ಅರಬರ ಏಡನ್ ಬಂದರಿಂದ ಸಕ್ಕರೆ, ಒಣದ್ರಾಕ್ಷಿ, ಬರಿಯೋಕೆ ಕಾಗದ ತರಿಸ್ಕೊಳ್ತಿದ್ದ. ಆ ಪತ್ರಗಳ ಮೂಲೇಲಿ ಅವನ ಗುಲಾಮನಿಗೂ ಒಂದು ನಮಸ್ಕಾರ ಇರ್ತದೆ. ಆ ಆಳಿನ ಹೆಸರು ಬರೀ ಮೂರು ವ್ಯಂಜನದಲ್ಲಿ ಬರೆದಿರೋದು, ಸ್ವರ ಇಲ್ಲ, ಹೆಂಗೆ ಓದ್ಬೇಕು ಅಂತ ದೊಡ್ಡ ದೊಡ್ಡ ವಿದ್ವಾಂಸರಿಗೂ ಗೊಂದಲ. ಘೋಷ್ ಮಂಗಳೂರಿಗೆ ಬಂದು ತುಳು ವಿದ್ವಾಂಸ ವಿವೇಕ ರೈ ಅವರ ಹತ್ರ ಕೇಳಿದ ಮೇಲೆ ಗೊತ್ತಾಯ್ತು, ಅದು ಬೊಮ್ಮ! ನಮಗೆ ಇದು ಹೆಸರೇ ಅಲ್ವಾ, ಶಾಸನಗಳ ತುಂಬ ಬೊಮ್ಮ ಇದಾನೆ. ಯಜಮಾನನ ಸರಕು ತಗೊಂಡು ಏಡನ್‌ಗೆ ಹೋಗಿ ವ್ಯಾಪಾರ ಮಾಡಿ ಬರ್ತಿದ್ದ ಆಳು ಅವನು, ಒಂದು ಸಲ ಅಲ್ಲಿ ಕುಡಿದು ಗಲಾಟೆ ಮಾಡಿ ಇನ್ನೂ ದುಡ್ಡು ಕೊಡಿ ಅಂತ ಹಟ ಹಿಡಿದಿದ್ದನ್ನ ಪತ್ರದಲ್ಲಿ ದೂರು ಬರೆದಿದಾರೆ. ಒಂಬೈನೂರು ವರ್ಷದ ಹಿಂದಿನ ತುಳುನಾಡಿನ ಒಬ್ಬ ಸಮುದ್ರಯಾನಿ ಬಗ್ಗೆ ನಮಗೆ ಗೊತ್ತಿರೋದು ಅವನು ಕುಡಿದ ದಿನದ ಲೆಕ್ಕ ಅಂದ್ರೆ ನೋಡಿ. ಆದ್ರೂ ಇದೆಯಲ್ಲ, ಅದೇ ಪುಣ್ಯ.

ಕೊನೇದಾಗಿ ವಾಸ್ಕೋ ಡ ಗಾಮ. ಅವನ ಮೊದಲ ಪ್ರಯಾಣದ ಡೈರಿ ಒಂದು ಉಳಿದಿದೆ, ಬರೆದವನು ಹಡಗಿನಲ್ಲಿದ್ದ ಒಬ್ಬ ಸಾಮಾನ್ಯ ಆಳು. ಆಫ್ರಿಕಾದ ಮಾಲಿಂದಿಯ ರಾಜ ಇವರಿಗೆ ದಾರಿ ಗೊತ್ತಿದ್ದ ಒಬ್ಬ ಮಾಲುಮಿ ಕೊಟ್ಟ. 1498ರ ಏಪ್ರಿಲ್ 24ಕ್ಕೆ ಹೊರಟ್ರು, 23 ದಿನ ಬರೀ ನೀರು, ಆಮೇಲೆ ಮಲಬಾರಿನ ಬೆಟ್ಟ ಕಂಡಿತು. ಆ ಮಾಲುಮಿ ಗುಜರಾತಿನವನು ಅಂತ ಆಮೇಲಿನ ಪೋರ್ಚುಗೀಸ್ ಚರಿತ್ರೆಕಾರರು ಬರೀತಾರೆ. ಇಬ್ನ್ ಮಾಜಿದ್ ಅನ್ನೋ ಪ್ರಸಿದ್ಧ ಅರಬ್ ನಾವಿಕನೇ ಅವನು ಅಂತ ಒಂದು ಕಥೆ ಇದೆ, ಈಗ ಅದನ್ನ ಹೆಚ್ಚಿನವರು ಒಪ್ಪಲ್ಲ. ಆದ್ರೆ ಇಬ್ನ್ ಮಾಜಿದ್ 1490ರ ಸುಮಾರಿಗೇ ಯಾವ ಬಂದರಿಂದ ಯಾವ ಕಾಲದಲ್ಲಿ ಹೊರಡ್ಬೇಕು, ಯಾವ ನಕ್ಷತ್ರ ಎಷ್ಟು ಬೆರಳು ಮೇಲಿದ್ರೆ ಎಲ್ಲಿದೀವಿ ಅಂತ ಪುಸ್ತಕ ಬರೆದಿಟ್ಟಿದ್ದ. ಕಡಲಿನ ಪುಸ್ತಕ ಈ ಕಡೆಯವರೂ ಬರೆದಿದ್ರು, ನಾವು ಓದಿಲ್ಲ ಅಷ್ಟೇ.

ವಾಪಸ್ ಹೋಗೋವಾಗ ಗಾಮನ ಹಡಗುಗಳು ನಮ್ಮ ಕಾರವಾರದ ಎದುರಿನ ಅಂಜದೀವ್ ದ್ವೀಪದಲ್ಲಿ ನಿಂತು ಹಡಗಿನ ತಳ ಕೆರೆದು, ನೀರು ತುಂಬಿಸ್ಕೊಂಡು, ಅಕ್ಟೋಬರ್ 5ಕ್ಕೆ ಹೊರಟವು. ಬರೋವಾಗ 23 ದಿನ ಆಗಿದ್ದು ಹೋಗೋವಾಗ ಎಷ್ಟು ಗೊತ್ತಾ? ಮೂರು ತಿಂಗಳಿಗೆ ಎರಡೋ ಮೂರೋ ದಿನ ಕಮ್ಮಿ. ಗಾಳಿ ಒಂದೋ ಇಲ್ಲ, ಇದ್ರೆ ಎದುರಿಂದ. ವಸಡು ಬಾತು ಹಲ್ಲು ಮುಚ್ಚಿ ಊಟ ಮಾಡೋಕಾಗದೇ ಆ ಒಂದು ದಾಟುವಿಕೆಯಲ್ಲೇ ಮೂವತ್ತು ಜನ ಸತ್ರು. ಒಂದೊಂದು ಹಡಗಲ್ಲಿ ಕೆಲಸ ಮಾಡೋಕೆ ಆಗೋರು ಏಳೆಂಟು ಜನ ಉಳಿದಿದ್ರು. 1499ರ ಜನವರಿ 2ಕ್ಕೆ ಆಫ್ರಿಕಾ ಕಂಡಿತು.

ಇಷ್ಟು ಹೇಳಿ ನಾನು ನೀರು ಕುಡೀತಿದ್ದೆ. ಹಿಂದಿನ ಸಾಲಲ್ಲಿ ಒಬ್ಬರು ಹಿರಿಯರು ಎದ್ದು ನಿಂತ್ರು. ಮಚವೆಯಲ್ಲಿ, ಅಂದ್ರೆ ಸರಕು ಸಾಗಿಸೋ ಹಾಯಿದೋಣಿಯಲ್ಲಿ, ನಲವತ್ತು ವರ್ಷ ತಾಂಡೇಲರಾಗಿ ದೋಣಿ ನಡೆಸಿದವರಂತೆ, ನಂಗೆ ಆಮೇಲೆ ಗೊತ್ತಾಗಿದ್ದು.

“ಅಕ್ಟೋಬರ್ ಐದು ಅಂದ್ರಲ್ಲ, ನವರಾತ್ರಿ ಹೊತ್ತಲ್ವಾ ಅದು?”

ಹೌದು, ಹೆಚ್ಚೂ ಕಮ್ಮಿ ಅಂದೆ. (ಹಳೇ ಕ್ಯಾಲೆಂಡರಿನ ತಾರೀಖು ಅದು, ಈಗಿನ ಲೆಕ್ಕಕ್ಕೆ ಒಂಬತ್ತು ದಿನ ಮುಂದೆ ಹೋಗ್ಬೇಕು, ಅದೂ ನವರಾತ್ರಿ ಆಸುಪಾಸೇ.)

“ಆಗ ಎಲ್ಲಿ ಗಾಳಿ ಇರ್ತದೆ ಮಾರಾಯ್ರೆ? ಮಳೆಗಾಳಿ ಸತ್ತಿರ್ತದೆ, ಮೂಡಗಾಳಿ ಹುಟ್ಟಿರೋದಿಲ್ಲ. ದೀಪಾವಳಿ ಕಳೀಲಿ, ಇನ್ನೂ ಒಂದು ತಿಂಗಳು ತಡೀಲಿ, ಆಮೇಲೆ ಹಾಯಿ ಬಿಚ್ಚಿದ್ರೆ ತಾನಾಗೇ ಹೋಗ್ತದೆ. ಅಲ್ಲಾ, ಅಂಜದೀವಲ್ಲಿ ಅಷ್ಟು ದಿನ ಕೂತಿದ್ನಲ್ಲ, ಎದುರಿಗೇ ಊರು ಕಾಣ್ತದೆ, ಯಾರನ್ನೂ ಕೇಳ್ಲಿಲ್ವಾ ಅಂವ?”

ಹಾಲ್ ಪೂರ್ತಿ ನಕ್ಕಿತು. ಕೇಳೋಕೆ ಮುಖ ಇರ್ಲಿಲ್ಲ ಬಿಡಿ, ಕಲ್ಲಿಕೋಟೆಯಿಂದ ಜನರನ್ನ ಹಿಡ್ಕೊಂಡು ಬಂದಿದ್ದ ಅಂದೆ.

ಪ್ರೋಗ್ರಾಂ ಮುಗಿದು ಚಾ ಕುಡಿಯೋವಾಗ ಅವರನ್ನ ಹಿಡ್ಕೊಂಡೆ. ಯಾವ ಗಾಳಿ ಯಾವ ತಿಂಗಳು, ಅಳಿವೆ ದಾಟೋಕೆ ಭರತ ಎಷ್ಟಿರ್ಬೇಕು, ಮೋಡ ಯಾವ ಬಣ್ಣಕ್ಕೆ ಬಂದ್ರೆ ದಡಕ್ಕೆ ತಿರುಗ್ಬೇಕು ಅಂತ ಅರ್ಧ ಗಂಟೆ ಹೇಳಿದ್ರು, ನಾನು ಆ ಗಾಮನ ಡೈರಿಯ ಹಿಂದಿನ ಖಾಲಿ ಹಾಳೆಯಲ್ಲಿ ಅದೇ ಪೆನ್ಸಿಲಲ್ಲಿ ಬರ್ಕೊಂಡೆ. ಇದನ್ನ ಬರೆದು ಹಾಕ್ತೀನಿ, ನಿಮ್ಮ ಹೆಸರು ಹಾಕ್ಲಾ ಅಂತ ಕೇಳಿದೆ.

“ಹೆಸ್ರು ಗಿಸ್ರು ಬೇಡ ತಮಾ,” ಅಂದ್ರು, “ಡಾಕ್ಟ್ರ ಹತ್ರ ಹೋಗ್ತೆ ಅಂತ ಹೇಳಿ ಮನೆಯಿಂದ ಬಂದಿದ್ದು ನಾನು.”